ದೇವಾನಂದ ಅಳಿಸಿದ ವಿಡಿಯೊ

ದೇವಾನಂದ ಶಿವಾಜಿನಗರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕ. ಮನೆ ಅದೇ ಊರಿನ ಕೋಥರೂಡ ಬಡಾವಣೆಯಲ್ಲಿ. ಹೆಂಡತಿ ಅನುಸೂಯಾಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತು ಬಾರದು. ಅವಳ ಅಕ್ಕ ಪಾರವ್ವನೂ ಹಾಗೆಯೇ. ಶಾಲೆ ಕಾಣದ ಅಕ್ಕತಂಗಿಯರು ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಸನ್ನೆಯ ಮಾತು ಅವರಿಬ್ಬರಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು. ದೇವಾನಂದನಿಗೆ ಬರುತ್ತಿದ್ದದ್ದು ಊಟ, ನೀರು, ಬಸ್ಸು, ಸಿಟ್ಟು. ಅಷ್ಟರಲ್ಲೇ ಸಂಸಾರ ನಡೆದಿತ್ತು.

ಲಾಕ್‌ಡೌನಿನ ಎರಡನೇ ತಿಂಗಳು ಪಕ್ಕದ ಊರು ತಳೇಗಾಂವದಿಂದ ಪಾರವ್ವನ ಗಂಡ ಜಟ್ಟೆಪ್ಪ ಫೋನ್ ಮಾಡಿದ.

"ಪಾರವ್ವಂದು ಲಿವರ್ ಪೂರಾ ಹೋಗ್ಯಾದಂತ. ದವಾಖಾನ್ಯಾಗ ಅದಾಳ. ತಂಗೀನ್ನ ತೋರಸು ಅಂತ ಕೈ ಮಾಡ್ತಾಳ."

"ಊರು ದಾಟಾಕ ಪಾಸ್ ಸಿಗವಲ್ದಣ್ಣಾ. ಎರಡ ಸಲ ಅರ್ಜಿ ಹಾಕೀನಿ."

ಜಟ್ಟೆಪ್ಪನ ಫೋನಿನಲ್ಲಿ ವಿಡಿಯೊ ಬರುತ್ತಿತ್ತು. ದೇವಾನಂದನ ಫೋನಿನ ಕ್ಯಾಮೆರಾಕ್ಕೆ ನೀರು ಹೋಗಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಮನೆಯಲ್ಲಿದ್ದದ್ದು ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್, ಕಾಲೇಜಿನವರು ಬೇಡವೆಂದು ಕೊಟ್ಟ ಒಂದು ವೆಬ್‌ಕ್ಯಾಮ್. ಸಿಕ್ಕಿಸಿದರೆ ಕಂಪ್ಯೂಟರು ಅದರ ಹೆಸರು ಹೇಳಿತು, ಚಿತ್ರ ಮಾತ್ರ ಮೂಡಲಿಲ್ಲ. 'ಸಾಧನದಲ್ಲಿ ಜಾಗವಿಲ್ಲ' ಎಂಬ ಇಂಗ್ಲಿಷ್ ಸಾಲೊಂದು ಬಂತು.

ಡಿಸ್ಕ್ ತುಂಬಿದೆ ಎಂದುಕೊಂಡ. ಹಳೆಯ ಫೈಲುಗಳನ್ನು ಒಂದೊಂದಾಗಿ ಅಳಿಸಿದ. ಅಕ್ಕತಂಗಿ ತವರಿನ ಕಟ್ಟೆಯ ಮೇಲೆ ಕೈಯಲ್ಲೇ ಜಗಳಾಡಿ ನಕ್ಕಿದ್ದ ಅರ್ಧ ತಾಸಿನ ವಿಡಿಯೊ ಎಲ್ಲಕ್ಕಿಂತ ದೊಡ್ಡದಿತ್ತು. ಅದನ್ನೂ ಅಳಿಸಿದ. ಮತ್ತೆ ಅದೇ ಸಾಲು.

ಮೂರನೇ ದಿನ ಇಂಟರ್ನೆಟ್ಟಿನಲ್ಲಿ ಯಾರೋ ಎಂದೋ ಬರೆದಿಟ್ಟ ಉತ್ತರ ಸಿಕ್ಕಿತು. ಆ ಸಾಲಿಗೂ ಡಿಸ್ಕಿಗೂ ಸಂಬಂಧವಿಲ್ಲ. ಕ್ಯಾಮೆರಾ ಯುಎಸ್‌ಬಿ ದಾರಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಾಗ ಕೇಳುತ್ತಿದೆ, ಕಡಿಮೆ ಕೇಳುವಂತೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶಕ್ಕೆ ಹೇಳಬೇಕು. ಅಲ್ಲಿದ್ದ ಒಂದು ಸಾಲನ್ನು ಟೈಪ್ ಮಾಡಿದ. ಅನುಸೂಯಾಳ ಮುಖ ಪರದೆಯ ಮೇಲೆ ಬಂತು. ಅವನು ಕೂಡಲೇ ಜಟ್ಟೆಪ್ಪನಿಗೆ ವಿಡಿಯೊ ಕರೆ ಮಾಡಿದ.

ಜಟ್ಟೆಪ್ಪ ಫೋನನ್ನು ಹೆಂಡತಿಯ ಮುಂದೆ ಹಿಡಿದ. ಪಾರವ್ವನ ಬಲಗೈಗೆ ಸಲೈನ್ ಹಚ್ಚಿದ್ದರು. ಎರಡೂ ಕೈಯ ಮಾತನ್ನು ಅವಳು ಎಡಗೈ ಒಂದರಲ್ಲೇ ಆಡಿದಳು. ಅರ್ಧವಷ್ಟೇ ತಿಳಿದ ಅನುಸೂಯಾ ಏನು, ಏನು ಎಂದು ಮತ್ತೆ ಮತ್ತೆ ಸನ್ನೆ ಮಾಡಿದಳು. ಪಾರವ್ವ ಕಣ್ಣು ಮುಚ್ಚಿದಳು.

"ದಣದಾಳಪ್ಪಾ. ನಾಳೆ ಮಾತಾಡ್ಸೂಣು," ಎಂದ ಜಟ್ಟೆಪ್ಪ.

ಬೆಳಗಿನ ಜಾವ ಪಾರವ್ವ ತೀರಿಕೊಂಡಳು. ಹೆಂಡತಿಗೆ ಆ ಸುದ್ದಿ ಹೇಳುವ ಸನ್ನೆ ದೇವಾನಂದನಿಗೆ ಬರುತ್ತಿರಲಿಲ್ಲ. ಎದುರು ಹೋಗಿ ನಿಂತ. ಅವನ ಮುಖ ನೋಡಿಯೇ ಅವಳು ಕುಸಿದು ಕೂತಳು.

ಹದಿಮೂರನೇ ದಿನ ಅವಳು ಕಂಪ್ಯೂಟರಿನತ್ತ ಬೆರಳು ಮಾಡಿ, ತವರಿನ ಆ ವಿಡಿಯೊ ಹಾಕು ಎಂದಳು. ಅವನು ಖಾಲಿ ಫೋಲ್ಡರ್ ತೆರೆದು ತೋರಿಸಿದ, ತನ್ನ ಎದೆ ಮುಟ್ಟಿಕೊಂಡ: ನಾನೇ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅವನು ಇಂದಿಗೂ ಹೇಳುತ್ತಾನೆ.

ಆಮೇಲೆ ಅವನು ಅವಳ ಮಾತು ಕಲಿಯತೊಡಗಿದ. ಐವತ್ತರ ಬೆರಳುಗಳು ಬೇಗ ತಿರುಗವು. ಮೊನ್ನೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯನ್ನು ಗಲ್ಲಕ್ಕೆ ತಾಗಿಸಿ, ಗಾಳಿಯಲ್ಲಿ ಏನನ್ನೋ ಬರೆದು, ಅಕ್ಕನೊಡನೆ ನಗುತ್ತಿದ್ದಂತೆ ನಕ್ಕಳು. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದ. ಅವಳು ಕೈ ಒರೆಸಿಕೊಂಡಳು. ತಾಟು ಅವನ ಮುಂದೆ ಸರಿಸಿದಳು.