ಯಾರೂ ಮಾಡದ ಕೆಲಸ

ನಮ್ಮತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದಳು. ಅವಳ ಕಂಪ್ಯೂಟರ್ ತುಂಬ ಬಣ್ಣದ ಪಟ್ಟಿಗಳು. ಒಂದೊಂದು ಪಟ್ಟಿ ಒಂದೊಂದು ಕೆಲಸ. ಪಾಯ ಮುಗಿದರೆ ಕಂಬ, ಕಂಬ ಎದ್ದರೆ ತಾರಸಿ. ಒಂದನ್ನು ಆಚೆ ಸರಿಸಿದರೆ ಸಾಕು, ಅದರ ಮುಂದಿನವೆಲ್ಲ ತೆಪ್ಪಗೆ ಸರಿಯುತ್ತಿದ್ದವು. ಮನೆಯಲ್ಲಿ ನಮ್ಮಣ್ಣನಾಗಲಿ ಮಕ್ಕಳಾಗಲಿ ಅವಳ ಮಾತನ್ನು ಅಷ್ಟು ಕೇಳಿದ್ದನ್ನು ನಾನಂತೂ ಕಾಣೆ.

ಅದೇ ಸೈಟಿನ ಸ್ಟೋರ್ ನನ್ನ ಸುಪರ್ದಿಯಲ್ಲಿತ್ತು. ಸಿಮೆಂಟ್ ಚೀಲ ಎಣಿಸಿ ಕೊಟ್ಟು ಬಿಡುವಾದಾಗ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಅವಳಿಗೆ ಪ್ರೀತಿಯ ಪಟ್ಟಿ ಒಂದೇ, ಕ್ಯೂರಿಂಗ್. ಕಾಂಕ್ರೀಟ್ ಹಾಕಿದ ತಾರಸಿಯ ಮೇಲೆ ಸಣ್ಣ ಬದು ಕಟ್ಟಿ, ನೀರು ನಿಲ್ಲಿಸಿ, ಅದು ಗಟ್ಟಿಯಾಗಲೆಂದು ಬಿಡುವ ದಿನಗಳವು.

"ಇದ್ರಲ್ಲಿ ಯಾರೂ ಏನೂ ಮಾಡಲ್ಲ ನೋಡು. ಆದ್ರೂ ಕೆಲಸ ಆಗ್ತಾನೇ ಇರುತ್ತೆ," ಎನ್ನುತ್ತ ಎಲ್ಲೋ ಕಳೆದುಹೋಗುತ್ತಿದ್ದಳು.

ಆಗ ನಾವು ಕಟ್ಟುತ್ತಿದ್ದದ್ದು ಹೆರಿಗೆ ಆಸ್ಪತ್ರೆ. ಹೊಸ ಮ್ಯಾನೇಜರ್ ಸದಾ ತುದಿಗಾಲ ಮೇಲೆ ನಿಂತ ಮನುಷ್ಯ. ಬರುವಾಗಲೇ ಹೊಸ ಸಾಫ್ಟ್‌ವೇರ್ ತಂದಿದ್ದ. ಯಾವ ಕೆಲಸಕ್ಕೆ ಆಳಿನ ಹೆಸರಿಲ್ಲವೋ ಅದಕ್ಕೆ ಅದು ಕೆಂಪು ಗುರುತು ಹಾಕುತ್ತಿತ್ತು. ಕ್ಯೂರಿಂಗ್ ಕೆಂಪಾಯಿತು. ಪುಣ್ಯಾತ್ಮ ಅದನ್ನು ಅಳಿಸಿಯೇಬಿಟ್ಟ. ಆಸ್ಪತ್ರೆ ತೆರೆಯುವ ದಿನ ಇನ್ನಷ್ಟು ಹತ್ತಿರಕ್ಕೆ ಬಂತು, ಅವನ ಮುಖ ಮೊರದಗಲವಾಯಿತು.

"ಸರ್, ತಾರಸಿ ಇನ್ನೂ ಹಸಿ. ಆಸರೆಗೆ ಕೊಟ್ಟ ಮರ ಬೇಗ ತೆಗೆದ್ರೆ ಕುಸಿದ್ರೂ ಕುಸೀಬಹುದು. ಕೆಳಗೆ ಬಾಣಂತಿಯರು ಮಲಗೋ ಜಾಗ," ಅಂದಳು ಅತ್ತಿಗೆ.

"ಮಾಡೋರೇ ಇಲ್ಲ ಅಂದ್ಮೇಲೆ ಅದೆಂಥ ಕೆಲಸಾರೀ? ಯಾರದಾದ್ರೂ ಹೆಸರು ಕೊಡಿ, ಇಟ್ಕೊಳ್ತೀನಿ."

ಅತ್ತಿಗೆ ತನ್ನ ಹೆಸರನ್ನೇ ಹಾಕಿದಳು. ಕೆಂಪು ಹೋಯಿತು. ಆದರೆ ಆ ದಿನಗಳಲ್ಲಿ ಅವಳು ಬೇರೆ ಯಾವುದಕ್ಕೂ ಸಿಗುವುದಿಲ್ಲ ಎಂದೂ ದಾಖಲಾಯಿತು. ಮುಂದಿನ ಸೇತುವೆ ಕೆಲಸಕ್ಕೆ ಪ್ಲಾನಿಂಗ್ ಮುಖ್ಯಸ್ಥರನ್ನು ಆರಿಸುವ ಸಭೆ ಅದೇ ವಾರವಿತ್ತು; ಸಿಗದವರ ಹೆಸರು ಅಲ್ಲಿಗೆ ಹೋಗುವಂತಿರಲಿಲ್ಲ. ಬಾಯಿಬಿಟ್ಟು ಕೇಳದೆ ಅವಳು ವರ್ಷಗಟ್ಟಲೆ ಕಾದಿದ್ದ ಕುರ್ಚಿ ಅದು.

"ಅತ್ತಿಗೆ, ನಿನಗೇನು ತಲೆ ಕೆಟ್ಟಿದೆಯಾ? ಹೋಗಿ ಹೆಸರು ತೆಗಿ," ಎಂದು ಹಾರಾಡಿದೆ.

"ತೆಗೆದ್ರೆ ಪಟ್ಟಿನೂ ಹೋಗುತ್ತೆ ಕಣೇ."

ಮಾರನೆಯ ದಿನ ತಾರಸಿಯ ಮೇಲೆ ಬಕೆಟ್ ಬೋರಲು ಹಾಕಿ ಕೂತಳು. ನೀರಿನಲ್ಲಿ ಇಡೀ ಆಕಾಶ ಬಿದ್ದಿತ್ತು. ಮೋಡಗಳು ಒಂದು ಬದು ದಾಟಿ ಇನ್ನೊಂದರೊಳಗೆ ನಿಧಾನವಾಗಿ ಇಳಿಯುತ್ತಿದ್ದವು. ನೀರು ಆರಿದ ಕಡೆ ಪೈಪ್ ಹಿಡಿದು ಮತ್ತೆ ಬಂದು ಕೂರುತ್ತಿದ್ದಳು. ಅವಳನ್ನು ಕೆಳಗಿಳಿಸಲೆಂದು ಬುಸುಗುಡುತ್ತ ಹತ್ತಿದ ನಾನೂ ಚಪ್ಪಲಿ ಬಿಟ್ಟು ನೀರಿಗೆ ಕಾಲು ಚಾಚಿದೆ. ಸ್ಟೋರಿನ ಬೀಗದ ನೆನಪೂ ಇರಲಿಲ್ಲ.

"ಏನಮ್ಮಾ, ತಾರಸಿಗೆ ಜೋಗುಳ ಹಾಡ್ತಿದ್ದೀರಾ?" ಎಂದು ಮೇಸ್ತ್ರಿ ಕಿಚಾಯಿಸಿದ.

"ಹೂಂ, ಮಲಗಿದೆ. ಮೆಲ್ಲಗೆ ಮಾತಾಡಿ."

ಕುರ್ಚಿ ಮ್ಯಾನೇಜರಿಗೇ ಸಿಕ್ಕಿತು. ನನ್ನ ಹೊಟ್ಟೆ ಉರಿದುಹೋಯಿತು. ಸುದ್ದಿ ಕೇಳಿ ಅತ್ತಿಗೆ ನಕ್ಕಳು, ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಅದೇ ಪೈಪಿನ ನೀರಲ್ಲಿ ಮುಖ ತೊಳೆದು, ಆರಿದ್ದ ಮೂಲೆಗೆ ನೀರು ಬಿಟ್ಟಳು.

ಹೋದ ತಿಂಗಳು ಪರಿಚಯದವರ ಮಗು ನೋಡಲು ಇಬ್ಬರೂ ಆ ಆಸ್ಪತ್ರೆಗೆ ಹೋಗಿದ್ದೆವು. ಸಾಲು ಮಂಚಗಳ ಮೇಲೆ ತಾಯಂದಿರು ತಮ್ಮ ಕೂಸುಗಳನ್ನು ನೋಡುತ್ತ ಮಲಗಿದ್ದರು. ತಲೆಯೆತ್ತಿ ಚಾವಣಿ ನೋಡಿದವರು ನಾವಿಬ್ಬರೇ.