ಹಿತ್ತಲ ಗಾಳಿಗೆ ಒತ್ತಿದ ಪಂಪು

ತಂಗಿಗೆ ಬೆಳಿಗ್ಗೆ ಸಂಜೆ ಕೊಡಬೇಕಾಗಿದ್ದ, ಬಾಯಿಗಿಟ್ಟು ಎಳೆದುಕೊಳ್ಳುವ ದಮ್ಮಿನ ಪಂಪನ್ನು ನಾನು ಕೊಡಲಿಲ್ಲ. ಮರೆತದ್ದಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಗಾಳಿಗೆ ಎರಡು ಸಲ ಒತ್ತಿ, ಮತ್ತೆ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದೆ. ಒಂದು ತಿಂಗಳಿಗೂ ಹೆಚ್ಚು ಹೀಗೇ ನಡೆಯಿತು.

ನಮ್ಮದು ಗಂಗಾವತಿ ಹತ್ತಿರದ ಮರಳಿ ಕಡೆಯ ಊರು. ಅಪ್ಪ ಅವ್ವ ಇಬ್ಬರೂ ಭತ್ತದ ಗದ್ದೆಯ ಕೂಲಿಗೆ ಹೊತ್ತು ಮೂಡುವ ಮುಂಚೆಯೇ ಹೋಗುತ್ತಿದ್ದರು. ಏಳನೇ ಇಯತ್ತೆಗೇ ಸಾಲಿ ಬಿಟ್ಟಿದ್ದ ನನ್ನ ಮೇಲೆ ಎಂಟು ವರ್ಷದ ತಂಗಿ, ಅವಳ ದಮ್ಮು, ಎರಡರ ಹೊಣೆಯೂ. ಗಂಗಾವತಿಯ ಡಾಕ್ಟರು ಎರಡು ಪಂಪು ಬರೆದುಕೊಟ್ಟಿದ್ದರು. ಒಂದು ಉಸಿರು ಕಟ್ಟಿದಾಗ ಮಾತ್ರ. ಇನ್ನೊಂದು ದಿನಾ, ಆರಾಮ ಇದ್ದಾಗಲೂ. ನನಗೆ ಅನುಮಾನ ಬಂದದ್ದು ಅದರ ಮೇಲೆಯೇ. ಆರಾಮ ಇರುವ ಹುಡುಗಿಗೆ ಔಷಧಿ ಯಾಕೆ?

ಪಕ್ಕದ ಮನೆಯ ದೊಡ್ಡವ್ವ ಬೇರೆ ಹೇಳಿದ್ದಳು: "ಅದು ಚಟಾ ಹತ್ತಸ್ತೈತಿ ನೋಡವಾ. ನಾಳೆ ಗಂಡಿನ ಕಡೆಯವ್ರು ಬಂದಾಗ ಚಾದ ಜೋಡಿ ಪಂಪೂ ತಂದು ಇಡ್ತಿಯೇನು?" ನಾನು ನಕ್ಕೆ. ಆದರೆ ಆ ಮಾತು ತಲೆಯಲ್ಲೇ ಕೂತಿತು.

ಪಂಪಿನ ಹಿಂದೆ ಸಣ್ಣ ಕಿಂಡಿ, ಅದರಲ್ಲಿ ಇನ್ನೆಷ್ಟು ಸಲ ಒತ್ತಬಹುದೆಂಬ ಅಂಕಿ. ಅವ್ವನಿಗೆ ಓದಲು ಬಾರದಿದ್ದರೂ ಅಂಕಿ ಗೊತ್ತು. ಗದ್ದೆಯಿಂದ ಬಂದು ಕೈಕಾಲು ತೊಳೆದವಳೇ ಮೊದಲು ಅದನ್ನು ನೋಡುವಳು. ಅದಕ್ಕೇ ಗಾಳಿಗೆ ಒತ್ತುತ್ತಿದ್ದೆ. ತಂಗಿಗೆ "ಡಾಕ್ಟರ್ ಬ್ಯಾಡಂದಾರ, ಅವ್ವಗ ಹೇಳಬ್ಯಾಡ" ಅಂದಿದ್ದೆ. ಪಂಪಿನ ರುಚಿ ಅವಳಿಗೂ ಸೇರುತ್ತಿರಲಿಲ್ಲ. ಸುಮ್ಮನಿದ್ದಳು.

ಸುಗ್ಗಿ ಬಂತು. ಕೊಯ್ಯುವ ಮಷಿನ್ನಿನ ಧೂಳು, ಹುಲ್ಲು ಸುಟ್ಟ ಹೊಗೆ. ತಂಗಿಯ ಎದೆ ಸಿಳ್ಳು ಹಾಕತೊಡಗಿತು. ಅವ್ವ ಅಪ್ಪನ ಬೀಡಿಯನ್ನು ಬೀದಿಗಟ್ಟಿದಳು. ಅಪ್ಪ ಅವ್ವನ ಒಲೆಯನ್ನು ಬೈದ. ಇಬ್ಬರೂ ಸೇರಿ ಬೆಕ್ಕನ್ನು ಚೀಲದಲ್ಲಿ ಹಾಕಿ ಕಾಲುವೆಯ ಆಚೆ ಬಿಟ್ಟುಬಂದರು. ಮರುದಿನ ಅದು ಒಲೆಯ ಮುಂದೆಯೇ ಕೂತಿತ್ತು. ಕೊನೆಗೆ ಅಪ್ಪನ ಕಣ್ಣು ಔಷಧಿ ಅಂಗಡಿಯವನ ಮೇಲೆ ಬಿತ್ತು. "ಡೂಪ್ಲಿಕೇಟ್ ಮಾಲು ಕೊಟ್ಟಾನ ಹಲ್ಕಟ್. ಬಿಡಂಗಿಲ್ಲ ಅವನ್ನ." ನನ್ನೊಬ್ಬಳನ್ನು ಬಿಟ್ಟು ಎಲ್ಲರ ಮೇಲೂ ಅನುಮಾನ. ನಾನು ಅನ್ನ ಬಡಿಸುತ್ತ ಕೇಳಿಸಿಕೊಂಡೆ.

ಒಂದು ಬೆಳಿಗ್ಗೆ ತಂಗಿಗೆ "ಅಕ್ಕಾ" ಅನ್ನಲೂ ಉಸಿರು ಸಾಲಲಿಲ್ಲ. ಉಸಿರು ಕಟ್ಟಿದಾಗಿನ ಪಂಪಿಗೂ ದಮ್ಮು ಜಗ್ಗಲಿಲ್ಲ. ಗದ್ದೆಗೆ ಓಡಿ ಅಪ್ಪ ಅವ್ವನನ್ನು ಕರೆದೆ. ಆಟೋದಲ್ಲಿ ಗಂಗಾವತಿಗೆ ಒಯ್ದೆವು. ಮೂಗಿಗೆ ಮಾಸ್ಕ್ ಹಾಕಿ ಬಹಳ ಹೊತ್ತಾದ ಮೇಲೆ ಅವಳ ಎದೆ ನಿಧಾನವಾಯಿತು.

ಅವ್ವ ದಿನದ ಪಂಪನ್ನು ತೆಗೆದು ಅಂಕಿ ತೋರಿಸಿದಳು. "ನೋಡ್ರಿ ಸಾಹೇಬ್ರ, ಒಂದಿನಾನೂ ತಪ್ಪಸಿಲ್ರಿ. ನನ್ನ ದೊಡ್ಡ ಮಗಳು ಭಾಳ ಹುಷಾರಿ ಅದಾಳ್ರಿ."

"ದಿನಾ ತಗೊಂಡೂ ಹಿಂಗಾದ್ರ ಇನ್ನೂ ಜೋರಿಂದು ಬರೀಬೇಕಾಗ್ತದ," ಅಂದು ಡಾಕ್ಟರು ಚೀಟಿ ಎಳೆದುಕೊಂಡರು. ಅಪ್ಪ ಔಷಧಿ ಅಂಗಡಿಯವನ ಜೊತೆ ಜಗಳಕ್ಕೆಂದು ಆಗಲೇ ಬಾಗಿಲಲ್ಲಿದ್ದ.

"ಬರೀಬ್ಯಾಡ್ರಿ ಸರ," ಅಂದೆ. "ಆಕಿಗೆ ಕೊಟ್ಟೇ ಇಲ್ರಿ. ನಾನು ಹಿತ್ತಲದಾಗ ಒತ್ತಿ ಖಾಲಿ ಮಾಡೀನ್ರಿ."

ಅವ್ವ ಹೊಡೆಯಲು ಕೈ ಎತ್ತಿದಳು, ಹಾಗೇ ಇಳಿಸಿದಳು. ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ನಾನು ಮಂಚದ ಹತ್ತಿರ ಹೋಗಿ, ದೊಡ್ಡವಳಾದರೂ, ತಂಗಿಯ ಎರಡೂ ಪಾದ ಹಿಡಿದೆ.

"ತಪ್ಪಾತವಾ. ನನ್ನಿಂದ ಭಾಳ ದೊಡ್ಡ ತಪ್ಪಾತು."