ಚಿಕ್ಕಮ್ಮ ಇಲ್ಲದ ವರ್ಷದ ನೀಲಿ

ನೂಲಿಗೆ ಬಣ್ಣ ಹಾಕುವ ನೀಲಿ ಬಾನಿಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಸುಣ್ಣ, ಹುಳಿ ಬಂದ ಬೆಲ್ಲ, ಬಹಳ ದಿನ ನೀರಲ್ಲಿ ನಿಂತ ಹುಲ್ಲು, ಎಲ್ಲ ಸೇರಿದ ಒಂದು ಗಬ್ಬು. ಹೋದ ಚಳಿಗಾಲ ಶಿಕಾರಿಪುರದ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ತೆಗೆದಾಗ ಅದೇ ಗಬ್ಬು ಮುಖಕ್ಕೆ ಬಡಿಯಿತು. ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಅಲ್ಲೇ ಕೂತು ಎದೆ ತುಂಬ ಎಳೆದುಕೊಂಡೆ. ಅಂಗಡಿಯ ಬಣ್ಣದ ದಾರ ಬೇಡ, ಅಜ್ಜಿಯ ಹಾಗೆ ನೂಲಿಗೆ ನಾನೇ ನೀಲಿ ಹಾಕುತ್ತೇನೆ ಎಂದು ಜಂಬದಿಂದ ಹೊರಟಿದ್ದೆ. ನೀಲಿ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಬೇರೆ ಬಣ್ಣಗಳಾದರೆ ಕುದಿಸಿ ಅದ್ದಿದರೆ ಮುಗಿಯಿತು. ಇದು ಹಾಗಲ್ಲ. ಮೊದಲು ಬಾನಿಯಲ್ಲಿ ಹುಳಿ ಬಂದು ನೀರು ಹಸಿರು ಹಳದಿಗೆ ತಿರುಗಬೇಕು, ಅದರಲ್ಲಿ ಅದ್ದಿದ ನೂಲು ಹಸಿರಾಗಿ ಮೇಲೆ ಬಂದು ಗಾಳಿ ತಾಗಿದ ಮೇಲೆ ನೀಲಿಯಾಗಬೇಕು. ನನ್ನ ಬಕೆಟ್ಟಿಗೆ ಹುಳಿಯೇ ಬರಲಿಲ್ಲ. ಬೆಲ್ಲ ಹೆಚ್ಚಿಸಿದೆ, ಸುಣ್ಣ ಕಡಿಮೆ ಮಾಡಿದೆ, ಬೈದೆ, ಬೇಡಿಕೊಂಡೆ. ಅದ್ದಿದ ನೂಲಿನ ಲಡಿಗಳೆಲ್ಲ ಒಂದೇ ತೊಳೆತಕ್ಕೆ ಬಣ್ಣ ಬಿಟ್ಟು, ಒಲೆ ಒರೆಸಿದ ಬಟ್ಟೆಯ ಹಾಗೆ ಬೂದುಬೂದಾಗಿ ಕೂತವು.

ಅಜ್ಜಿಯ ಮನೆ ಇದ್ದದ್ದು ಇದೇ ಊರಿನ ಪೇಟೆಯಲ್ಲಿ, ಮುಂದೆ ನೂಲಿನ ಅಂಗಡಿ, ಹಿಂದೆ ಸಂಸಾರ. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಕಟ್ಟಡವಿದೆ. ದೀಪಾವಳಿಯ ಹೋರಿ ಹಬ್ಬಕ್ಕೆ ಬಳ್ಳಿಗಾವಿ ಕಡೆಯಿಂದೆಲ್ಲ ಬಂದು ಹೋರಿಗಳ ಕೊರಳಿಗೆ, ಕೊಂಬಿಗೆ ಗೊಂಡೆ ಕೊಳ್ಳುತ್ತಿದ್ದರು. ಕೆಂಪು ಗೊಂಡೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು. ಎಷ್ಟು ಬೆವರಿದರೂ, ನೆನೆದರೂ ಇಳಿಯದ ನೀಲಿ ಮಾತ್ರ ಅಜ್ಜಿಯದು. ಅವಳ ಬಾನಿ ಇರುತ್ತಿದ್ದದ್ದು ಬಚ್ಚಲ ಒಲೆಯ ಮಗ್ಗುಲ ಕೋಣೆಯಲ್ಲಿ. ಚಿಕ್ಕಪ್ಪನ ಮದುವೆಯಾಗಿ ಸೊರಬದಿಂದ ಚಿಕ್ಕಮ್ಮ ಬಂದಾಗ ಹೊಸ ಜೋಡಿಗೆ ಆ ಕೋಣೆಯನ್ನೇ ಬಿಟ್ಟುಕೊಟ್ಟು, ಬಾನಿಯನ್ನು ಹಿತ್ತಲ ಜಗುಲಿಗೆ ಸಾಗಿಸಿದರು. ಆ ವರ್ಷದ ಹಬ್ಬಕ್ಕೆ ನೀಲಿ ಕೈಕೊಟ್ಟಿತು. ಮರುವರ್ಷವೂ ಅಷ್ಟೇ.

ಚಿಕ್ಕಮ್ಮ ನಗುತ್ತಾ ಓಡಾಡುವ, ನನ್ನ ಜಡೆಯನ್ನು ನೋವಾಗದ ಹಾಗೆ ಬಾಚುವ ಹೆಂಗಸು. ಬಾನಿ ಕೆಟ್ಟ ಮೇಲೆ ಅವಳ ಮೇಲೆ ಒಂದು ಕಣ್ಣು ಬಿತ್ತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ ಮನೆ ನಮ್ಮದು. ಮುಟ್ಟಾದವರು ಅಡುಗೆ ಮಾಡುತ್ತಿದ್ದರು, ಪೂಜೆ ಮಾಡುತ್ತಿದ್ದರು, ಯಾರೂ ಚಕಾರ ಎತ್ತುತ್ತಿರಲಿಲ್ಲ. ಆದರೆ ನೀಲಿ ಬಾನಿಯ ಹತ್ತಿರ ಮಾತ್ರ ಆ ಧೈರ್ಯವೆಲ್ಲ ಎಲ್ಲಿ ಹೋಗುತ್ತಿತ್ತೋ. ಚಿಕ್ಕಮ್ಮ ಹಿತ್ತಲಿಗೆ ಬರಬಾರದು ಎಂದಾಯಿತು. ಬರದಿದ್ದರೂ ಬಣ್ಣ ಕೆಟ್ಟಾಗ, ನೆರಳು ಬಿದ್ದಿರಬೇಕು ಎಂದಾಯಿತು. "ಒಳ್ಳೇ ಹುಡುಗೀನೇ, ಆದ್ರೆ ಕೈಗುಣ ಸರಿಯಿಲ್ಲ, ಏನ್ ಮಾಡಾಕಾಗ್ತದೆ," ಎಂದು ಅಜ್ಜಿ ಬಂದವರಿಗೆಲ್ಲ ಮೆತ್ತಗೆ ಹೇಳುತ್ತಿದ್ದಳು. ಬೈದು ಹೇಳಿದ್ದರೆ ಯಾರಾದರೂ ಎದುರಾಡುತ್ತಿದ್ದರೋ ಏನೋ. ಆಮೇಲೆ ಹೆಪ್ಪು ಹಾಕಿದ ಹಾಲು ಒಡೆದದ್ದು, ಹಸು ಕಂದು ಹಾಕಿದ್ದು, ಚಿಕ್ಕಮ್ಮನ ಬಸಿರು ನಿಲ್ಲದಿದ್ದದ್ದು, ಎಲ್ಲವೂ ಅದೇ ಕೈಗುಣದ ಲೆಕ್ಕಕ್ಕೆ ಸೇರಿದವು. ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಕಳಿಸಿದರು. ಕರೆತರಲು ಯಾರೂ ಹೋಗಲಿಲ್ಲ. ಚಿಕ್ಕಪ್ಪ ತನ್ನ ಅಮ್ಮನ ಮುಖ ನೋಡುತ್ತಾ ನೋಡುತ್ತಾ ಸುಮ್ಮನಿದ್ದುಬಿಟ್ಟ.

ಖಾಲಿಯಾದ ಕೋಣೆಗೆ ಬಾನಿ ವಾಪಸು ಬಂತು. ಆ ವರ್ಷ ಬಂದ ನೀಲಿಯನ್ನು ನಾನು ಇನ್ನೂ ಮರೆತಿಲ್ಲ. ಬಾನಿಯ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿತ್ತು, ಲಡಿಗಳು ಹಸಿರಾಗಿ ಎದ್ದು ನಮ್ಮ ಕಣ್ಣೆದುರೇ ನೀಲಿಯಾಗುತ್ತಾ ಹೋದವು. ಮನೆಯೆಲ್ಲ ಹಬ್ಬ. ನೋಡಿದಿರಾ, ಎಂದು ಅಜ್ಜಿ ಎಲ್ಲರ ಮುಖ ನೋಡಿದಳು. ಅಪ್ಪ, ಅಮ್ಮ ತಲೆದೂಗಿದರು. ಮೊದಲ ಲಡಿಯಲ್ಲಿ ಅಜ್ಜಿ ನನಗೊಂದು ಜಡೆಕುಚ್ಚು ಮಾಡಿಕೊಟ್ಟಳು. ನಾನು ಅದನ್ನು ಬೀದಿಯುದ್ದಕ್ಕೂ ಕುಣಿಸಿಕೊಂಡು ತಿರುಗಿದೆ. ಆ ಖುಷಿಯನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಹೋದ ಚಳಿಗಾಲ ಪಕ್ಕದ ಮನೆಯವರು ವಾಸನೆಗೆ ಗೊಣಗಿದರೆಂದು ನನ್ನ ಬಕೆಟ್ಟನ್ನು ಬಚ್ಚಲಿಗೆ ಸಾಗಿಸಿ ಒಲೆಯ ಪಕ್ಕ ಇಟ್ಟೆ. ಸ್ವಲ್ಪ ದಿನಕ್ಕೆ ಮುಚ್ಚಳ ತೆಗೆದರೆ ತಾಮ್ರದ ಕೆನೆ. ಅದ್ದಿದ ಲಡಿ ಹಸಿರಾಗಿ ಎದ್ದು, ನೋಡನೋಡುತ್ತ ನೀಲಿಯಾಯಿತು. ಕುಣಿಯಬೇಕಿತ್ತು. ಅಲ್ಲೇ ಗೋಡೆಗೆ ಒರಗಿ ಕೂತೆ, ಬೆನ್ನಿಗೆ ಗೋಡೆ ಬೆಚ್ಚಗಿತ್ತು. ಬಾನಿಗೆ ಬೇಕಾಗಿದ್ದದ್ದು ಇಷ್ಟೇ, ಚಳಿಯಲ್ಲಿ ಒಂದು ಬೆಚ್ಚಗಿನ ಗೋಡೆ. ಚಿಕ್ಕಮ್ಮ ಬಂದಾಗ ಅದು ತಪ್ಪಿತು, ಹೋದಾಗ ಸಿಕ್ಕಿತು. ನಮಗೆ ಕಂಡದ್ದು ಚಿಕ್ಕಮ್ಮ ಮಾತ್ರ.

ಮರುದಿನವೇ ಸೊರಬದ ಬಸ್ಸು ಹತ್ತಿದೆ. ಅಲ್ಲಿ ಅವಳು ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿದುಕೊಂಡು ಬದುಕಿದ್ದಾಳೆ. ಆಗಾಗ ಹೋಗಿ ಬರುತ್ತಿದ್ದೆ. ಹಾಲಿಗೆ ಹೆಪ್ಪು ಹಾಕಲು ಪಕ್ಕದ ಮನೆಯವಳನ್ನು ಕರೆಯುವುದನ್ನು ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಆ ದಿನವೂ ಕರೆದಳು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ, ಒಲೆ, ಗೋಡೆ, ಕೋಣೆ. ನಿನ್ನ ಕೈಯದು ಏನೂ ಇರಲಿಲ್ಲ ಚಿಕ್ಕಮ್ಮ, ಎಂದೆ. ಹಗುರಾಗುತ್ತಾಳೆ ಎಂದುಕೊಂಡಿದ್ದೆ.

ಹೊಲಿಗೆ ಮಿಷನ್ ನಿಂತಿತು. ಚಿಕ್ಕಮ್ಮ ಹೇಳಿದಳು: "ಇದನ್ನ ಯಾಕೆ ಹೇಳಿದೆ ಪುಟ್ಟಿ? ನನ್ನ ಕೈನೇ ಸರಿಯಿಲ್ಲ ಅಂದ್ಕಂಡಿದ್ನಲ್ಲ, ಅದ್ಕೇ ಯಾರ ಮೇಲೂ ಸಿಟ್ಟಿರ್ಲಿಲ್ಲ ನಂಗೆ. ನಿಮ್ಮಜ್ಜಿ ಹೋದಾಗ ಅತ್ತಿದೀನಿ. ನಿಮ್ಮ ಚಿಕ್ಕಪ್ಪ ಹೋದಾಗ್ಲೂ ಅತ್ತಿದೀನಿ. ಈಗ ಸಿಟ್ಟು ಬರ್ತಾ ಇದೆ. ಯಾರ ಹತ್ರ ಹೋಗ್ಲಿ ಹೇಳು?"

ಅಪ್ಪ ಅಮ್ಮನೂ ಹೋದ ಮೇಲೆ ಆ ಮನೆಯವಳು ಅಂತ ಉಳಿದಿರುವುದು ನಾನೊಬ್ಬಳೇ. ನನಗೇ ಬೈಯಿ ಎಂದೆ. "ನೀನಾಗ ಎಷ್ಟುದ್ದ ಇದ್ದೆ," ಎಂದಳು, ಬೈಯಲಿಲ್ಲ. ಊಟಕ್ಕೆ ಬಡಿಸಿದಳು. ಪ್ರತಿ ಸಲ ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿಕೊಡುತ್ತಿದ್ದವಳು ಆ ದಿನ ಬಾಗಿಲಲ್ಲೇ ನಿಂತಳು.